ಸಾಕ್ಷಿಯಿಲ್ಲದವಳ ಕತೆಯನ್ನು ಹೇಳುವುದು ಹೇಗೆ?

ಉರ್ದುವಿನಲ್ಲಿ ‘ಅಫ್ಸಾನಾ’ ಮತ್ತು ‘ರಿವಾಯತ್’ ಎಂಬ ಎರಡು ಮಾತುಗಳಿವೆ. ಅಫ್ಸಾನಾ ಎಂದರೆ ಕತೆ. ಅದು ಕಟ್ಟಿದ್ದೆಂದು ಹೇಳುವವನಿಗೂ ಗೊತ್ತು, ಕೇಳುವವನಿಗೂ ಗೊತ್ತು. ರಿವಾಯತ್ ಎಂದರೆ ಒಬ್ಬರಿಂದ ಇನ್ನೊಬ್ಬರಿಗೆ ದಾಟಿಬಂದ ವರದಿ. ಅದನ್ನು ಹೇಳುವವನು ತಾನು ಯಾರ ಬಾಯಿಂದ ಕೇಳಿದೆ, ಆತ ಯಾರಿಂದ ಕೇಳಿದ್ದ ಎಂದು ಹೆಸರು ಹಿಡಿದು ಹೇಳಬೇಕು. ಅಫ್ಸಾನೆಯಲ್ಲಿ ಇಲ್ಲದ್ದನ್ನು ಸೇರಿಸಿದರೆ ಕಲೆ ಎನ್ನುತ್ತಾರೆ, ರಿವಾಯತ್ತಿನಲ್ಲಿ ಸೇರಿಸಿದರೆ ಪಾಪ ಎನ್ನುತ್ತಾರೆ. ಕತೆ ಬರೆಯುವ ನಮ್ಮಂಥವರು ಈ ಬೇಲಿಯ ಈಚೆ ಬದಿಯಲ್ಲಿ ನಿಶ್ಚಿಂತೆಯಿಂದ ಕುಳಿತವರು. ನಮ್ಮ ಪಾತ್ರಗಳು ಯಾರ ನ್ಯಾಯಾಲಯದಲ್ಲೂ ನಮ್ಮ ಮೇಲೆ ದಾವೆ ಹೂಡುವುದಿಲ್ಲ.

ಈ ನಿಶ್ಚಿಂತೆಯನ್ನು ಕೆಡಿಸುವ ಲೇಖಕಿಯೊಬ್ಬರು ಅಮೆರಿಕದಲ್ಲಿದ್ದಾರೆ. ಹೆಸರು ಸೈದಿಯಾ ಹಾರ್ಟ್‌ಮನ್. 1961ರಲ್ಲಿ ಹುಟ್ಟಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಬೆಳೆದ ಕಪ್ಪು ಮಹಿಳೆ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿ. 1997ರ ‘ಸೀನ್ಸ್ ಆಫ್ ಸಬ್ಜೆಕ್ಷನ್’, 2007ರ ‘ಲೂಸ್ ಯುವರ್ ಮದರ್’, 2019ರ ‘ವೇವರ್ಡ್ ಲೈವ್ಸ್, ಬ್ಯೂಟಿಫುಲ್ ಎಕ್ಸ್‌ಪೆರಿಮೆಂಟ್ಸ್’ ಅವರ ಮುಖ್ಯ ಪುಸ್ತಕಗಳು. ಕೊನೆಯದನ್ನು ಓದುವಾಗ ಕಾದಂಬರಿ ಓದುತ್ತಿದ್ದೇವೆ ಎನಿಸುತ್ತದೆ. ಆದರೆ ಅಮೆರಿಕದ ನ್ಯಾಷನಲ್ ಬುಕ್ ಕ್ರಿಟಿಕ್ಸ್ ಸರ್ಕಲ್ ಅದಕ್ಕೆ ಪ್ರಶಸ್ತಿ ಕೊಟ್ಟದ್ದು ವಿಮರ್ಶೆಯ ವಿಭಾಗದಲ್ಲಿ. ಕತೆ ಎಲ್ಲಿ ಮುಗಿಯಿತು, ವಿಮರ್ಶೆ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ಬಾರದ ಬರವಣಿಗೆ ಅದು. ಇದನ್ನು ಬರಿಯ ಶೈಲಿಯ ಪ್ರಶ್ನೆಯಾಗಿ ನೋಡಿದರೆ ಸಾಲದು. ಇದರ ಹಿಂದೆ ನೈತಿಕ ಪ್ರಶ್ನೆಯೊಂದಿದೆ. ಯಾರ ಬಗ್ಗೆ ಒಂದೇ ಒಂದು ನಂಬಿಕಸ್ಥ ಸಾಕ್ಷಿಯೂ ಉಳಿದಿಲ್ಲವೋ ಅವಳ ಪರವಾಗಿ ಕಲ್ಪಿಸಿ ಮಾತಾಡುವುದು ನ್ಯಾಯವೇ, ಅಥವಾ ಅವಳಿಗೆ ಮಾಡುವ ಇನ್ನೊಂದು ಅನ್ಯಾಯವೇ?

ಪ್ರಶ್ನೆ ಹುಟ್ಟಿದ ಜಾಗವನ್ನು ಮೊದಲು ನೋಡೋಣ. 1791ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಬಂದರಿನ ‘ರಿಕವರಿ’ ಎಂಬ ಹಡಗು ಪಶ್ಚಿಮ ಆಫ್ರಿಕಾದ ಕರಾವಳಿಯಿಂದ ಗುಲಾಮರನ್ನು ತುಂಬಿಕೊಂಡು ಕೆರಿಬಿಯನ್ ದ್ವೀಪ ಗ್ರೆನಡಾದ ಕಡೆಗೆ ಹೊರಟಿತು. ಅದರ ಕಪ್ತಾನನ ಹೆಸರು ಜಾನ್ ಕಿಂಬರ್. ಮಾರನೆಯ ವರ್ಷ, 1792ರ ಏಪ್ರಿಲ್‌ನಲ್ಲಿ, ಗುಲಾಮ ವ್ಯಾಪಾರದ ವಿರುದ್ಧ ಹೋರಾಡುತ್ತಿದ್ದ ವಿಲಿಯಂ ವಿಲ್ಬರ್‌ಫೋರ್ಸ್ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಎದ್ದು ನಿಂತು, ಹದಿನೈದು ವರ್ಷದ ಆಸುಪಾಸಿನ ಹುಡುಗಿಯೊಬ್ಬಳನ್ನು ಈ ಕಪ್ತಾನ ಕಾಲಿಗೆ ಹಗ್ಗ ಬಿಗಿದು ನೇತುಹಾಕಿ ಚಾವಟಿಯಿಂದ ಹೊಡೆದ, ಅವಳು ಸತ್ತಳು ಎಂದು ಆರೋಪಿಸಿದರು. ಜೂನ್ ತಿಂಗಳಲ್ಲಿ ಲಂಡನ್ನಿನಲ್ಲಿ ವಿಚಾರಣೆ ನಡೆಯಿತು. ಕಿಂಬರ್ ಖುಲಾಸೆಯಾದ. ಅವನ ವಿರುದ್ಧ ಸಾಕ್ಷಿ ನುಡಿದಿದ್ದ ಹಡಗಿನ ವೈದ್ಯನೂ ಇನ್ನೊಬ್ಬ ನಾವಿಕನೂ ಸುಳ್ಳು ಸಾಕ್ಷಿಯ ಆರೋಪ ಹೊರಬೇಕಾಯಿತು.

ಸತ್ತ ಹುಡುಗಿಯ ಹೆಸರು ದಾಖಲೆಯಲ್ಲಿ ಇಲ್ಲ. ಅದೇ ಮೊಕದ್ದಮೆಯಲ್ಲಿ ಇನ್ನೊಬ್ಬಳು ಹುಡುಗಿಯ ಸಾವೂ ಸೇರಿತ್ತು. ಅವಳಿಗೆ ಹೆಸರಿದೆ: ವೀನಸ್. ಅದು ಅವಳ ತಾಯಿ ಕರೆದ ಹೆಸರು ಆಗಿರಲಾರದು. ಮೊದಲನೆಯ ಹುಡುಗಿಯ ಸಾವು ಪಾರ್ಲಿಮೆಂಟಿನಲ್ಲಿ ಭಾಷಣವಾಯಿತು, ಕ್ರುಕ್‌ಶ್ಯಾಂಕ್ ಎಂಬ ಚಿತ್ರಕಾರನ ಅಚ್ಚಿನ ಚಿತ್ರವಾಗಿ ಅಂಗಡಿಗಳಲ್ಲಿ ಮಾರಾಟವಾಯಿತು. ವೀನಸ್‌ಳ ಪಾಲಿಗೆ ಬಂದದ್ದು ಕೆಲವು ಮಾತುಗಳು ಮಾತ್ರ.

ಹಾರ್ಟ್‌ಮನ್ ‘ಲೂಸ್ ಯುವರ್ ಮದರ್’ನ ಒಂದು ಅಧ್ಯಾಯದಲ್ಲಿ ಮೊದಲನೆಯ ಹುಡುಗಿಯ ಬಗ್ಗೆ ಬರೆದರು. ವೀನಸ್‌ಳನ್ನು ಬಿಟ್ಟರು. ಬಿಟ್ಟದ್ದು ಅವರನ್ನು ಕಾಡಿತು. 2008ರಲ್ಲಿ ‘ವೀನಸ್ ಇನ್ ಟೂ ಆಕ್ಟ್ಸ್’ ಎಂಬ ಪ್ರಬಂಧ ಬರೆದರು. ಆ ಪ್ರಬಂಧದಲ್ಲಿ ಅವರು ಹೇಳುವುದು ಇಷ್ಟು: ಹಡಗಿನ ಆ ಇಬ್ಬರು ಹುಡುಗಿಯರು ಒಬ್ಬರಿಗೊಬ್ಬರು ಆಸರೆಯಾಗಿದ್ದರು, ಸಾಯುತ್ತಿರುವವಳನ್ನು ಇನ್ನೊಬ್ಬಳು ತಬ್ಬಿಕೊಂಡಳು ಎಂದು ಬರೆಯುವ ಆಸೆ ಅವರಿಗಿತ್ತು. ಬರೆಯಲಿಲ್ಲ. ಯಾಕೆಂದರೆ ಆ ಸಾಂತ್ವನ ಹುಡುಗಿಯರಿಗೆ ಸಿಗುವುದಿಲ್ಲ, ಬರೆಯುವವಳಿಗೂ ಓದುವವರಿಗೂ ಸಿಗುತ್ತದೆ. ಬರೆಯಬಹುದಾಗಿದ್ದ ಕತೆಯನ್ನು ಓದುಗರ ಮುಂದೆ ಅರ್ಧ ಬಿಡಿಸಿಟ್ಟು, ಇದಕ್ಕೆ ಆಧಾರವಿಲ್ಲವೆಂದು ತಾವೇ ಹೇಳಿ, ಮತ್ತೆ ಮಡಚಿಡುತ್ತಾರೆ. ದಾಖಲೆಯನ್ನು ಪ್ರಶ್ನಿಸುತ್ತಾ ಅದರ ಅಂಚಿನಲ್ಲಿ ಕತೆ ಕಟ್ಟುವ ಮತ್ತು ಕಟ್ಟುವ ಕೈಯನ್ನೂ ಪ್ರಶ್ನಿಸುವ ಈ ರೀತಿಗೆ ಅವರು ‘ಕ್ರಿಟಿಕಲ್ ಫ್ಯಾಬ್ಯುಲೇಶನ್’ ಎಂದು ಹೆಸರಿಟ್ಟರು. ನಾವು ಅದನ್ನು ವಿಮರ್ಶಕ ಕಥನ ಎಂದು ಕರೆಯಬಹುದು.

ನಮ್ಮ ಓದುಗರಲ್ಲಿ ಮದ್ರಸಾದ ಪಾಠ ಕೇಳಿದವರಿಗೆ ಇಲ್ಲಿ ತಟ್ಟನೆ ಒಂದು ಆಕ್ಷೇಪ ಹೊಳೆಯುತ್ತದೆ. ಒಳ್ಳೆಯ ಉದ್ದೇಶಕ್ಕಾಗಿ ಕಟ್ಟಿದ ಸುಳ್ಳು ಸುಳ್ಳಲ್ಲವೇ? ಹದೀಸ್ ಶಾಸ್ತ್ರದ ಪುಸ್ತಕಗಳಲ್ಲಿ ನೂಹ್ ಇಬ್ನ್ ಅಬೀ ಮರ್ಯಮ್ ಎಂಬಾತನ ಪ್ರಸಂಗ ಬರುತ್ತದೆ. ಕುರ್‌ಆನಿನ ಒಂದೊಂದು ಸೂರಾ ಓದಿದರೆ ಇಂತಿಂಥ ಪುಣ್ಯ ಎಂಬ ಹದೀಸುಗಳನ್ನು ಈತ ಕಟ್ಟಿದನೆಂದು ಮುಹದ್ದಿಸರು ಬರೆದಿಟ್ಟಿದ್ದಾರೆ. ಕೇಳಿದಾಗ, ಜನರು ಕುರ್‌ಆನನ್ನು ಬಿಟ್ಟು ಫಿಕ್ಹ್ ಚರ್ಚೆಯಲ್ಲೂ ಯುದ್ಧದ ಕತೆಗಳಲ್ಲೂ ಮುಳುಗಿದ್ದರು, ಅವರನ್ನು ವಾಪಸು ಕರೆತರಲು ಹೀಗೆ ಮಾಡಿದೆ ಎಂದನಂತೆ. ಉದ್ದೇಶ ಕೆಟ್ಟದ್ದಲ್ಲ. ಆದರೂ ಮುಹದ್ದಿಸರು ಅವನನ್ನು ಬಿಡಲಿಲ್ಲ, ಸುಳ್ಳುಗಾರರ ಪಟ್ಟಿಗೆ ಸೇರಿಸಿದರು. ತನ್ನ ಹೆಸರಿನಲ್ಲಿ ಬೇಕೆಂದೇ ಸುಳ್ಳು ಹೇಳಿದವನಿಗೆ ನರಕದಲ್ಲಿ ಜಾಗವಿದೆ ಎಂದು ಪ್ರವಾದಿಯವರು (ಸ) ಎಚ್ಚರಿಸಿದ್ದರಲ್ಲ, ಆ ಎಚ್ಚರಿಕೆಯಲ್ಲಿ ಒಳ್ಳೆಯ ಉದ್ದೇಶಕ್ಕೆ ರಿಯಾಯಿತಿ ಇರಲಿಲ್ಲ.

ಈ ಆಕ್ಷೇಪವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಒಬ್ಬ ಲೇಖಕಿ ತುಳಿತಕ್ಕೊಳಗಾದವರ ಪರ ಇದ್ದಾರೆ ಎಂಬ ಕಾರಣಕ್ಕೆ ಅವರು ಇಲ್ಲದ್ದನ್ನು ಇದೆಯೆನ್ನಬಹುದು ಎಂದು ನಾವು ಒಪ್ಪಿದರೆ, ನಾಳೆ ತುಳಿಯುವವನೂ ಅದೇ ಹಕ್ಕನ್ನು ಕೇಳುತ್ತಾನೆ. ಆಗಿಹೋದ ಕಾಲದ ಬಗ್ಗೆ ಕತೆ ಕಟ್ಟಿ ಅದನ್ನೇ ಚರಿತ್ರೆ ಎಂದು ಹಂಚುವವರ ಕೈಯಲ್ಲಿ ಸಮಾಜಗಳು ಎಷ್ಟು ನರಳಿವೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಹದೀಸ್ ಶಾಸ್ತ್ರದ ಪಾಠ ಅಲ್ಲಿಗೆ ಮುಗಿಯುವುದಿಲ್ಲ. ಮಾತನ್ನು ಕಟ್ಟಬೇಡ ಎಂದಷ್ಟೇ ಹೇಳಿ ಅವರು ಸುಮ್ಮನಾಗಲಿಲ್ಲ. ಮಾತನ್ನು ತಂದವನು ಯಾರು ಎಂದು ಕೇಳಿದರು. ‘ಜರ್ಹ್ ವ ತಅದೀಲ್’ ಎಂಬ ಇಡೀ ವಿದ್ಯೆ ಬೆಳೆದದ್ದು ರಾವಿಯ, ಅಂದರೆ ವರದಿ ತಂದವನ ಗುಣ, ನೆನಪು, ಪ್ರಾಮಾಣಿಕತೆಯನ್ನು ಒರೆಗೆ ಹಚ್ಚಲಿಕ್ಕಾಗಿ. ಶತ್ರುವಿನ ವಿರುದ್ಧ ಶತ್ರುವಿನ ಸಾಕ್ಷ್ಯ ಸಲ್ಲದು, ಸಾಕ್ಷ್ಯದಿಂದ ತನಗೇ ಲಾಭವಾಗುವವನ ಮಾತು ಸಲ್ಲದು ಎಂದು ಬಹುಪಾಲು ಫಕೀಹರು ಹೇಳಿದರು. ಮೌಲಾನಾ ಶಿಬ್ಲಿ ನೋಮಾನಿಯವರ ‘ಸೀರತುನ್ನಬಿ’ಯ ಪೀಠಿಕೆ ಓದಿದವರಿಗೆ ರಿವಾಯತ್ ಜೊತೆಗೆ ‘ದಿರಾಯತ್’ ಎಂಬ ಮಾತೂ ನೆನಪಿರಬಹುದು. ವರದಿಯನ್ನು ತಂದವನನ್ನಷ್ಟೇ ಅಲ್ಲ, ವರದಿಯನ್ನೇ ಬುದ್ಧಿಯಿಂದ ತೂಗಿ ನೋಡುವುದು ದಿರಾಯತ್.

ಈ ತಕ್ಕಡಿಯಲ್ಲಿ ಗುಲಾಮ ಹಡಗಿನ ಲೆಕ್ಕದ ಪುಸ್ತಕವನ್ನು ಇಟ್ಟು ನೋಡಿ. ಬರೆದವನು ಯಾರು? ಮನುಷ್ಯರನ್ನು ಸರಕಾಗಿ ಎಣಿಸಿ ಮಾರಿ ಲಾಭ ಪಡೆದವನು. 1781ರಲ್ಲಿ ‘ಜಾಂಗ್’ ಎಂಬ ಹಡಗಿನಿಂದ ನೂರಮೂವತ್ತಕ್ಕೂ ಹೆಚ್ಚು ಜನರನ್ನು ಜೀವಂತವಾಗಿ ಸಮುದ್ರಕ್ಕೆ ಎಸೆದರು. 1783ರಲ್ಲಿ ಅದು ನ್ಯಾಯಾಲಯಕ್ಕೆ ಬಂದದ್ದು ಕೊಲೆಯ ಮೊಕದ್ದಮೆಯಾಗಿ ಅಲ್ಲ, ನಷ್ಟವಾದ ಸರಕಿಗೆ ವಿಮಾ ಹಣ ಕೊಡಬೇಕೇ ಬೇಡವೇ ಎಂಬ ವ್ಯಾಜ್ಯವಾಗಿ. ಇಂಥ ಕಾಗದಗಳನ್ನೇ ‘ಸಹೀಹ್’ ಎಂದು ಹಿಡಿದು, ಅವುಗಳಲ್ಲಿ ಇಲ್ಲದ್ದು ನಡೆದೇ ಇಲ್ಲವೆನ್ನುವ ಇತಿಹಾಸಕಾರನು ಕಟ್ಟುನಿಟ್ಟಿನವನಂತೆ ಕಾಣುತ್ತಾನೆ. ಮುಹದ್ದಿಸರ ಲೆಕ್ಕದಲ್ಲಿ ಅವನು ತೀರಾ ಸಡಿಲ. ಒಬ್ಬ ಅವಿಶ್ವಾಸಾರ್ಹ ರಾವಿಯ ಮಾತನ್ನು, ಅದು ಮಸಿಯಲ್ಲಿ ಬರೆದದ್ದು ಎಂಬ ಒಂದೇ ಕಾರಣಕ್ಕೆ ನಂಬಿದವನು ಅವನು. ಹಾರ್ಟ್‌ಮನ್ ಮಾಡುವ ಮೊದಲ ಕೆಲಸ ಈ ಜರ್ಹ್. ಅವರ ಬರಹದ ವಿಮರ್ಶೆಯ ಪಾಲು ಇಲ್ಲೇ ಇದೆ, ಕತೆ ಅದರ ನಂತರ ಬರುತ್ತದೆ.

‘ವೇವರ್ಡ್ ಲೈವ್ಸ್’ನಲ್ಲಿ ಈ ಕೆಲಸ ಇನ್ನೂ ವಿಸ್ತಾರವಾಗುತ್ತದೆ. ಗುಲಾಮಗಿರಿ ಕಾನೂನಿನಲ್ಲಿ ಮುಗಿದ ಮೇಲೆ, ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಮುಂದಿನ ಕೆಲವು ದಶಕಗಳಲ್ಲಿ, ಫಿಲಡೆಲ್ಫಿಯಾ ಮತ್ತು ನ್ಯೂಯಾರ್ಕ್ ನಗರಗಳ ಬಡ ಕೇರಿಗಳಲ್ಲಿ ಬದುಕಿದ ಕಪ್ಪು ಯುವತಿಯರು ಈ ಪುಸ್ತಕದ ನಾಯಕಿಯರು. ಅವರ ಬಗ್ಗೆ ಉಳಿದಿರುವ ಕಾಗದಗಳನ್ನು ಬರೆದವರು ಬಾಡಿಗೆ ವಸೂಲಿಯವರು, ಸಮಾಜ ಸೇವಕಿಯರು, ಪೊಲೀಸರು, ಸುಧಾರಣಾ ಗೃಹದ ಅಧಿಕಾರಿಗಳು, ಸಮಾಜಶಾಸ್ತ್ರಜ್ಞರು. 1899ರಲ್ಲಿ ‘ದಿ ಫಿಲಡೆಲ್ಫಿಯಾ ನೀಗ್ರೋ’ ಎಂಬ ಪ್ರಸಿದ್ಧ ಅಧ್ಯಯನ ಪ್ರಕಟಿಸಿದ ಡು ಬೋಯಿಸ್ ಅಂಥ ದೊಡ್ಡ ಚಿಂತಕರೂ ಈ ಹುಡುಗಿಯರನ್ನು ಮೊದಲು ಒಂದು ಸಮಸ್ಯೆಯಾಗಿಯೇ ನೋಡಿದರು.

ಎಸ್ತರ್ ಬ್ರೌನ್ ಎಂಬವಳನ್ನು 1917ರಲ್ಲಿ ಹಾರ್ಲೆಮ್‌ನಲ್ಲಿ ಹಿಡಿದರು. ಅವಳ ನಡತೆ ಸರಿಯಿಲ್ಲ ಎಂಬುದಕ್ಕೆ ಮಫ್ತಿ ಪೊಲೀಸರ ಮಾತೇ ಆಧಾರ. ಅವಳನ್ನು ಬೆಡ್‌ಫರ್ಡ್ ಹಿಲ್ಸ್‌ನ ಸುಧಾರಣಾ ಗೃಹಕ್ಕೆ ಕಳಿಸಿದರು. ಅಲ್ಲಿಗೆ ಕಳಿಸಿದ ಹುಡುಗಿಯನ್ನು ಮೂರು ವರ್ಷದವರೆಗೂ ಇಟ್ಟುಕೊಳ್ಳಬಹುದಾಗಿತ್ತು. 1919ರಲ್ಲಿ ಆ ಗೃಹದ ಹೆಣ್ಣುಮಕ್ಕಳು ಕಿರುಚಿ, ಹಾಡಿ, ಕಿಟಕಿ ಒಡೆದು, ಮಂಚ ಬಡಿದು ಗಲಾಟೆಯೆಬ್ಬಿಸಿದರು. ಅಲ್ಲಿನ ಕ್ರೂರ ಶಿಕ್ಷೆಗಳ ಬಗ್ಗೆ ವಿಚಾರಣೆಯೂ ನಡೆಯಿತು. ಪತ್ರಿಕೆಗಳು ಆ ಸದ್ದನ್ನು ಹುಚ್ಚಾಟವೆಂಬಂತೆ ವರದಿ ಮಾಡಿದವು. ಹಾರ್ಟ್‌ಮನ್ ಅದನ್ನು ಮುಷ್ಕರವಾಗಿ, ಸಂಗೀತವಾಗಿ ಕೇಳಿಸಿಕೊಳ್ಳುತ್ತಾರೆ.

ಇಲ್ಲಿ ಒಂದು ಮಾತನ್ನು ನಮ್ಮವರಿಗಾಗಿಯೇ ಹೇಳಬೇಕು. ಹೆಣ್ಣೊಬ್ಬಳ ಶೀಲದ ಬಗ್ಗೆ ಆರೋಪ ಮಾಡುವವನು ನಾಲ್ಕು ಸಾಕ್ಷಿಗಳನ್ನು ತರಬೇಕು, ತರದಿದ್ದರೆ ಅವನಿಗೇ ಎಂಬತ್ತು ಏಟು, ಮುಂದೆಂದೂ ಅವನ ಸಾಕ್ಷ್ಯ ಸ್ವೀಕಾರವಲ್ಲ ಎಂದು ಸೂರಾ ನೂರ್ ವಿಧಿಸುತ್ತದೆ. ಹಝ್ರತ್ ಆಯಿಶಾ (ರ) ಅವರ ಮೇಲೆ ಬಂದ ಅಪವಾದದ ಹಿನ್ನೆಲೆಯಲ್ಲಿ ಇಳಿದ ಸೂರಾ ಅದು. ಎಸ್ತರ್ ಬ್ರೌನಳ ಕಡತ ಈ ಪರೀಕ್ಷೆಯಲ್ಲಿ ಒಂದು ಕ್ಷಣವೂ ನಿಲ್ಲುವುದಿಲ್ಲ. ಹಾಗೆಂದು ನಾವು ಬೀಗುವಂತಿಲ್ಲ. ನಮ್ಮ ಮೊಹಲ್ಲಾಗಳಲ್ಲಿ ಒಂದು ಹುಡುಗಿಯ ಹೆಸರು ಕೆಡಿಸಲು ನಾಲ್ಕು ಸಾಕ್ಷಿ ಬೇಡ, ನಾಲ್ಕು ಜನ ಚಹಾ ಕುಡಿಯುವ ಹೋಟೆಲಿನ ಒಂದು ಬೆಂಚು ಸಾಕು. ಹಾರ್ಟ್‌ಮನ್‌ರ ಪುಸ್ತಕದ ಯುವತಿಯರು ಬದುಕಿದ ರೀತಿಯನ್ನು, ಅವರ ಮದುವೆಯಿಲ್ಲದ ಸಂಬಂಧಗಳನ್ನು ನಮ್ಮ ಓದುಗರಲ್ಲಿ ಹಲವರು ಒಪ್ಪಲಾರರು. ಒಪ್ಪಬೇಕಾಗಿಯೂ ಇಲ್ಲ. ಒಪ್ಪದ ಬದುಕಿಗೂ ನ್ಯಾಯ ಸಲ್ಲಬೇಕು ಎಂಬುದು ಇಲ್ಲಿ ಮುಖ್ಯ.

ಅವರ ಕಥನದ ರೀತಿ ಹೇಗಿದೆ? ಕಡತದಿಂದಲೂ ಆ ಕಾಲದವರ ಬಾಯಿಂದಲೂ ತೆಗೆದುಕೊಂಡ ಮಾತುಗಳನ್ನು ಅವರು ಓರೆಯ ಅಕ್ಷರಗಳಲ್ಲಿ ತಮ್ಮ ವಾಕ್ಯದೊಳಗೇ ಹೆಣೆಯುತ್ತಾರೆ. ಆಧಾರಗಳು ಪುಸ್ತಕದ ಕೊನೆಯ ಟಿಪ್ಪಣಿಗಳಲ್ಲಿವೆ. ಹದೀಸ್ ಶಾಸ್ತ್ರದಲ್ಲಿ ಇದಕ್ಕೆ ಹತ್ತಿರದ ಒಂದು ಹೆಸರಿದೆ: ‘ಮುದ್ರಜ್’. ರಾವಿಯ ಸ್ವಂತ ಮಾತು ಹದೀಸಿನ ಪಠ್ಯದೊಳಗೆ ಸೇರಿಹೋಗಿದ್ದರೆ ಅದು ಮುದ್ರಜ್. ಖತೀಬ್ ಬಗ್ದಾದಿಯವರು ಇಂಥ ಬೆಸುಗೆಗಳನ್ನು ಹುಡುಕಿ ಬಿಡಿಸಿ ತೋರಿಸಲೆಂದೇ ಒಂದು ಗ್ರಂಥ ಬರೆದರು. ಎಷ್ಟೋ ಸಲ ರಾವಿ ಸೇರಿಸಿದ್ದು ಅರ್ಥ ವಿವರಿಸಲಿಕ್ಕಾಗಿ, ಮೋಸಕ್ಕಾಗಿ ಅಲ್ಲ. ಆದರೂ ಬೆಸುಗೆ ಕಾಣಬೇಕು ಎಂಬುದು ಅವರ ಪಟ್ಟು. ಹಾರ್ಟ್‌ಮನ್ ಬೆಸೆಯುತ್ತಾರೆ, ಬೆಸುಗೆಯ ಗುರುತನ್ನೂ ಓರೆ ಅಕ್ಷರದಲ್ಲಿ ಬಿಡುತ್ತಾರೆ. ಕಲ್ಪನೆಯ ಈ ಬರಹ ಸುಳ್ಳು ರಿವಾಯತ್ ಆಗದೆ ಉಳಿಯುವುದು ಆ ಗುರುತಿನಿಂದ.

ಪುಸ್ತಕದ ಇನ್ನೊಂದು ಜಾಗ ನಮ್ಮನ್ನು ಬಹಳ ಹೊತ್ತು ನಿಲ್ಲಿಸಿತು. 1882ರ ಸುಮಾರಿಗೆ ಫಿಲಡೆಲ್ಫಿಯಾದ ಚಿತ್ರಕಾರ ಥಾಮಸ್ ಏಕಿನ್ಸ್‌ನ ಸ್ಟುಡಿಯೋದಲ್ಲಿ ಒಬ್ಬಳು ಪುಟ್ಟ ಕಪ್ಪು ಹುಡುಗಿಯನ್ನು ಸೋಫಾದ ಮೇಲೆ ಬಟ್ಟೆಯಿಲ್ಲದೆ ಮಲಗಿಸಿ ಫೋಟೋ ತೆಗೆದರು. ಅವಳ ಹೆಸರು ಯಾರೂ ಬರೆದಿಟ್ಟಿಲ್ಲ. ಹಾರ್ಟ್‌ಮನ್ ಆ ಫೋಟೋವನ್ನು ಮಂಕಾಗಿ ಮುದ್ರಿಸಿ ಅದರ ಮೇಲೆ ತಮ್ಮ ವಾಕ್ಯಗಳನ್ನು ಹಾಸಿದ್ದಾರೆ. ಓದುವವನ ಕಣ್ಣು ಹುಡುಗಿಯನ್ನು ತಲುಪುವ ಮೊದಲು ಅಕ್ಷರಗಳನ್ನು ದಾಟಬೇಕು. ಮಾತಿನಿಂದ ಹೊದಿಸುವುದು ಎಂದರೆ ಇದು. 1997ರ ಪುಸ್ತಕದಲ್ಲೂ ಅವರು ಹೀಗೆಯೇ ನಡೆದುಕೊಂಡಿದ್ದರು. ಗುಲಾಮನಾಗಿ ಹುಟ್ಟಿ ಲೇಖಕನಾದ ಫ್ರೆಡರಿಕ್ ಡಗ್ಲಾಸ್ 1845ರ ತನ್ನ ಆತ್ಮಕಥೆಯಲ್ಲಿ ಚಿಕ್ಕಮ್ಮ ಹೆಸ್ಟರ್‌ಗೆ ಬಿದ್ದ ಹೊಡೆತಗಳನ್ನು ವರ್ಣಿಸಿದ್ದಾನೆ. ಆ ಭಾಗವನ್ನು ಮತ್ತೆ ಉದ್ಧರಿಸಲಾರೆ ಎಂದು ಹೇಳಿಯೇ ಹಾರ್ಟ್‌ಮನ್ ಪುಸ್ತಕ ಆರಂಭಿಸುತ್ತಾರೆ. ನೋವನ್ನು ತೋರಿಸಿ ತೋರಿಸಿ ನಾವು ಅದನ್ನು ತಮಾಷೆಯ ನೋಟವಾಗಿ ಮಾಡುತ್ತೇವೆ ಎಂಬ ಭಯ ಅವರದು. ಅತ್ಯಾಚಾರದ ಸುದ್ದಿಯನ್ನು ಇಂಚಿಂಚು ವಿವರಿಸಿ ಅದನ್ನೇ ಕಾಳಜಿ ಎಂದುಕೊಳ್ಳುವ ಬರವಣಿಗೆಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಇಷ್ಟು ಹೇಳಿದ ಮೇಲೆ ನಮ್ಮ ಭಿನ್ನಾಭಿಪ್ರಾಯವನ್ನೂ ಹೇಳಬೇಕು. ‘ವೇವರ್ಡ್ ಲೈವ್ಸ್’ನಲ್ಲಿ ಕಲ್ಪನೆ ಹೆಚ್ಚಾಗಿ ಒಂದೇ ದಿಕ್ಕಿಗೆ ಹರಿಯುತ್ತದೆ. ಕೆಲಸ ಬಿಟ್ಟ ಹುಡುಗಿ, ಗಂಡನನ್ನು ಬಿಟ್ಟ ಹುಡುಗಿ, ಬೀದಿ ಅಲೆದ ಹುಡುಗಿ, ಎಲ್ಲರೂ ಬಂಡಾಯಗಾರ್ತಿಯರಾಗಿ, ಹೊಸ ಬದುಕಿನ ಪ್ರಯೋಗ ನಡೆಸಿದವರಾಗಿ ಕಾಣುತ್ತಾರೆ. ಕೆಲವರು ಹಾಗೆ ಇದ್ದಿರಬಹುದು. ಆದರೆ ಒಬ್ಬಳಿಗೆ ಬೇಕಾಗಿದ್ದದ್ದು ಬಾಗಿಲು ಭದ್ರವಿರುವ ಒಂದು ಬಾಡಿಗೆ ಕೋಣೆ, ನಂಬುವಂಥ ಒಬ್ಬ ಗಂಡ, ಭಾನುವಾರದ ಚರ್ಚು ಮಾತ್ರ ಆಗಿದ್ದರೆ? ದಣಿವಿನಿಂದ ಕೆಲಸ ಬಿಟ್ಟವಳನ್ನು ಕ್ರಾಂತಿಕಾರಿ ಎಂದು ಕರೆದಾಗ, ಅವಳ ದಣಿವನ್ನು ನಾವು ಕಿತ್ತುಕೊಂಡಂತೆ ಆಗುವುದಿಲ್ಲವೇ? ಸಮಾಜ ಸೇವಕಿ ತನಗೆ ಬೇಕಾದ ಪಾಪಿಯನ್ನು ಆ ಹುಡುಗಿಯಲ್ಲಿ ಕಂಡಳು. ನಮ್ಮ ಕಾಲ ತನಗೆ ಬೇಕಾದ ವೀರವನಿತೆಯನ್ನು ಕಾಣುವ ಅಪಾಯವಿದೆ. ಎರಡು ಸಲವೂ ಹುಡುಗಿಯನ್ನು ಯಾರೂ ಕೇಳಿಲ್ಲ. ಬದುಕಿರುವವನ ಬಗ್ಗೆ ತಪ್ಪು ಬರೆದರೆ ಅವನು ಬಂದು ಜಗಳವಾಡಬಲ್ಲ, ಸತ್ತವಳು ‘ನಾನು ಹಾಗಿರಲಿಲ್ಲ’ ಎನ್ನಲಾರಳು. ಈ ದೃಷ್ಟಿಯಿಂದ ನೋಡಿದರೆ 2008ರ ಸಣ್ಣ ಪ್ರಬಂಧ 2019ರ ದೊಡ್ಡ ಪುಸ್ತಕಕ್ಕಿಂತ ಕಠಿಣವಾದದ್ದು, ಹೆಚ್ಚು ಪ್ರಾಮಾಣಿಕವಾದದ್ದು ಎಂದು ನಮಗೆ ತೋರುತ್ತದೆ.

ಇದೇ ಹಾದಿಯಲ್ಲಿ ಬೇರೆಯವರೂ ನಡೆದಿದ್ದಾರೆ. ಮಿರ್ಜಾ ರುಸ್ವಾ 1899ರಲ್ಲಿ ‘ಉಮ್ರಾವ್ ಜಾನ್ ಅದಾ’ ಬರೆದಾಗ ಲಖನೌದ ತವಾಯಫ್ ಒಬ್ಬಳ ಬಾಯಿಂದಲೇ ಕೇಳಿದ್ದೆಂಬಂತೆ ಬರೆದರು, ಕೇಳುಗನಾಗಿ ತಾವೇ ಕಾದಂಬರಿಯೊಳಗೆ ಕುಳಿತರು. ಅವಳು ನಿಜವಾಗಿ ಇದ್ದಳೇ ಎಂದು ಓದುಗರು ಇವತ್ತಿಗೂ ವಾದಿಸುತ್ತಾರೆ. ಅಲ್ಲಿ ಬೆಸುಗೆಯನ್ನು ಮುಚ್ಚಿದ್ದೇ ಕಲೆಯ ಸೊಬಗು. ಟೋನಿ ಮಾರಿಸನ್ 1987ರ ‘ಬಿಲವೆಡ್’ಗೆ ಮಾರ್ಗರೆಟ್ ಗಾರ್ನರ್ ಎಂಬ ಗುಲಾಮ ತಾಯಿಯ ನಿಜ ಪ್ರಕರಣದಿಂದ ಪ್ರೇರಣೆ ಪಡೆದರು, ಆದರೆ ಹೆಸರು ಬದಲಿಸಿ ಕಾದಂಬರಿಯನ್ನೇ ಬರೆದರು. ಅಲ್ಜೀರಿಯಾದ ಅಸಿಯಾ ಜಬ್ಬಾರ್ 1991ರಲ್ಲಿ ಇಸ್ಲಾಮಿನ ಮೊದಲ ಕಾಲದ ಮಹಿಳೆಯರ ಬಗ್ಗೆ ಫ್ರೆಂಚಿನಲ್ಲಿ ಬರೆದ ಪುಸ್ತಕಕ್ಕೆ ಇಬ್ನ್ ಹಿಶಾಮ್, ಇಬ್ನ್ ಸಅದ್, ತಬರಿಯವರನ್ನು ಆಧಾರವಾಗಿಟ್ಟುಕೊಂಡರು. ಅವರು ಬಿಟ್ಟ ಖಾಲಿ ಜಾಗಗಳನ್ನು ಕಲ್ಪನೆಯಿಂದ ತುಂಬಿ ಅದನ್ನು ಕಾದಂಬರಿಯೆಂದೇ ಕರೆದರು. ಆ ಪುಸ್ತಕವನ್ನು ಒಪ್ಪುವುದು ಬಿಡುವುದು ಬೇರೆ ಮಾತು, ಹಣೆಯ ಮೇಲೆ ಅದು ಏನೆಂದು ಬರೆದಿತ್ತು. ಹಾರ್ಟ್‌ಮನ್ ಮಾತ್ರ ಎರಡೂ ಹೆಸರುಗಳನ್ನು ಬಿಟ್ಟುಕೊಡುವುದಿಲ್ಲ. ಕಾದಂಬರಿ ಎಂದುಬಿಟ್ಟರೆ ಆ ಹುಡುಗಿಯರು ಮತ್ತೊಮ್ಮೆ ಇಲ್ಲದವರಾಗುತ್ತಾರೆ. ಇತಿಹಾಸ ಎಂದುಬಿಟ್ಟರೆ ಕಪ್ತಾನನ ಪುಸ್ತಕದಾಚೆ ಒಂದು ಹೆಜ್ಜೆ ಇಡುವಂತಿಲ್ಲ.

ಈ ವಿಷಯದಲ್ಲಿ ನಮ್ಮ ಮನೆಯ ಲೆಕ್ಕವನ್ನೂ ನೋಡಿಕೊಳ್ಳಬೇಕು. ಅಮೆರಿಕಕ್ಕೆ ಸಾಗಿಸಿದ ಗುಲಾಮರಲ್ಲಿ ಮುಸ್ಲಿಮರಿದ್ದರು ಎಂದು ನಾವು ಆಗಾಗ ನೆನೆಯುತ್ತೇವೆ. ಫೂತಾ ತೋರೋದ ವಿದ್ವಾಂಸ ಉಮರ್ ಇಬ್ನ್ ಸಈದ್ ಉತ್ತರ ಕೆರೊಲಿನಾದಲ್ಲಿ ಗುಲಾಮನಾಗಿದ್ದುಕೊಂಡೇ 1831ರಲ್ಲಿ ಅರಬಿಯಲ್ಲಿ ತನ್ನ ಜೀವನವನ್ನು ಬರೆದ, ಸೂರಾ ಮುಲ್ಕ್‌ನಿಂದ ಆರಂಭಿಸಿದ. ಆ ಹಸ್ತಪ್ರತಿ ಈಗ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. ಅವನಿಗೆ ಲೇಖನಿ ಹಿಡಿಯಲು ಬರುತ್ತಿತ್ತು, ಆದ್ದರಿಂದ ಅವನ ಮಾತು ಉಳಿಯಿತು. ವೀನಸ್‌ಳಿಗೆ ಆ ಅವಕಾಶ ಇರಲಿಲ್ಲ. ಇನ್ನೊಂದು ಪುಟವೂ ಇದೆ. ‘ಲೂಸ್ ಯುವರ್ ಮದರ್’ಗಾಗಿ ಹಾರ್ಟ್‌ಮನ್ ಘಾನಾದಲ್ಲಿ ಸುತ್ತಾಡಿದರು. ತನ್ನವರ ನಾಡೆಂದು ಹೋದವರನ್ನು ಅಲ್ಲಿನ ಮಕ್ಕಳು ಪರಕೀಯಳೆಂದು ಕೂಗಿ ಕರೆದರು. ಉತ್ತರದ ಸಲಗಾದ ಗುಲಾಮ ಸಂತೆಯ ಜಾಗವನ್ನು ನೋಡಿದರು. ಆ ಸಂತೆಯ ವ್ಯಾಪಾರಿಗಳಲ್ಲಿ ನಮಾಜು ಮಾಡುವವರೂ ಇದ್ದರು. ‘ಸೈದಿಯಾ’ ಎಂಬ ಹೆಸರು ಕೂಡ ಅವರು ಕಾಲೇಜಿನ ದಿನಗಳಲ್ಲಿ ತಾವೇ ಇಟ್ಟುಕೊಂಡದ್ದು. ಸ್ವಾಹಿಲಿಯಲ್ಲಿ ಅದರ ಅರ್ಥ ಸಹಾಯ, ಮೂಲ ಅರಬಿ. ಆ ಭಾಷೆ ಬೆಳೆದ ಬಂದರುಗಳಲ್ಲೂ ಗುಲಾಮ ವ್ಯಾಪಾರ ನಡೆದಿತ್ತೆಂದು ಆಮೇಲೆ ತಿಳಿದದ್ದನ್ನು ಅವರೇ ಬರೆದಿದ್ದಾರೆ. ಕಳೆದುಹೋದವರಿಗಾಗಿ ಒಂದು ಶುದ್ಧವಾದ ಮನೆಯನ್ನು ಕಲ್ಪಿಸಿಕೊಡುವ ಆಸೆಯನ್ನು ಅವರು ಹೀಗೆ ತಾವೇ ತಡೆದರು.

ಹಾಗಾದರೆ ಸಾಕ್ಷಿಯಿಲ್ಲದವಳ ಕತೆ ಹೇಳಬಹುದೇ? ಹೇಳಬಹುದು ಎಂದೇ ನಮ್ಮ ಅಭಿಪ್ರಾಯ. ಹೇಳದೆ ಬಿಟ್ಟರೆ ಅವಳನ್ನು ಕೊಂದವನ ಕಡತವೇ ಕೊನೆಯ ಮಾತಾಗುತ್ತದೆ. ಆದರೆ ಅವಳ ಬದುಕು ನಮ್ಮ ಕೈಯಲ್ಲಿ ಅಮಾನತ್ತಾಗಿ ಇದೆಯೆಂದು ತಿಳಿದು ಹೇಳಬೇಕು. ಅಮಾನತ್ತನ್ನು ಇಟ್ಟುಕೊಂಡವನು ಅದನ್ನು ತನ್ನ ಖರ್ಚಿಗೆ ಬಳಸುವಂತಿಲ್ಲ. ದಾಖಲೆಯನ್ನು ಬರೆದವನು ಯಾರೆಂದು ಮೊದಲು ತೂಗಬೇಕು. ದಾಖಲೆ ಎಲ್ಲಿ ನಿಂತಿತು, ನಮ್ಮ ಊಹೆ ಎಲ್ಲಿ ಹೊರಟಿತು ಎಂದು ಓದುವವನಿಗೆ ತಿಳಿಸಬೇಕು. ನಮ್ಮ ಮನಸ್ಸಿನ ಸಮಾಧಾನಕ್ಕಾಗಿ ಅವಳಿಗೆ ಸುಖವನ್ನೋ ಶೌರ್ಯವನ್ನೋ ದಾನ ಮಾಡಬಾರದು.

ಇಮಾಮ್ ಮಾಲಿಕ್ ಅವರ ಬಳಿ ದೂರದಿಂದ ಬಂದವರು ಹಲವು ಪ್ರಶ್ನೆಗಳನ್ನು ಕೇಳಿದಾಗ ಹೆಚ್ಚಿನವಕ್ಕೆ ‘ಲಾ ಅದ್ರೀ’, ನನಗೆ ಗೊತ್ತಿಲ್ಲ, ಎಂದು ಉತ್ತರಿಸಿದರೆಂದು ಪುಸ್ತಕಗಳು ಹೇಳುತ್ತವೆ. ಅದು ಅಜ್ಞಾನದ ಮಾತಲ್ಲ, ವಿದ್ಯೆಯ ಅರ್ಧ ಭಾಗ ಎಂದು ಹಿರಿಯರು ತಿಳಿದಿದ್ದರು. ಕತೆಗಾರರಾದ ನಾವು ಈ ಮಾತನ್ನು ಕಲಿತದ್ದು ಕಡಿಮೆ. ಪಾತ್ರದ ಮನಸ್ಸಿನ ಒಳಗನ್ನೆಲ್ಲ ಬಲ್ಲವರಂತೆ ಬರೆಯುವುದೇ ನಮ್ಮ ಕಸುಬು. ವೀನಸ್‌ಳ ಬಗ್ಗೆ ಹಾರ್ಟ್‌ಮನ್ ಬರೆದ ಆ ಪ್ರಬಂಧವನ್ನು ಕತೆಗಾರ್ತಿಯೊಬ್ಬಳು ಹೇಳಿದ ‘ಲಾ ಅದ್ರೀ’ ಎಂದು ನಾವು ಓದುತ್ತೇವೆ. ಗೊತ್ತಿಲ್ಲ ಎಂದ ಮೇಲೂ ಅವರು ಆ ಹುಡುಗಿಯ ಪಕ್ಕದಿಂದ ಎದ್ದು ಹೋಗಲಿಲ್ಲ. ಕನ್ನಡದಲ್ಲಿ ಈ ಬಗೆಯ ಬರವಣಿಗೆಗೆ ಕೈಹಾಕುವ ಹೊಸಬರು ಅವರ ಧೈರ್ಯದ ಜೊತೆಗೆ ಈ ಹಿಂಜರಿಕೆಯನ್ನೂ ಕಲಿತರೆ ಒಳ್ಳೆಯದು.